ನೌಬಾದದಲ್ಲಿ ಪಿಚ್ ಕಟ್ಟಿದ ಮಳೆಗಾಲ

ಹಸಿ ಎರೆಮಣ್ಣಿನ ವಾಸನೆ ಬಂದರೆ ಜನ ತವರುಮನೆ ನೆನೆಯುತ್ತಾರಂತೆ, ಬಾಲ್ಯ ನೆನೆಯುತ್ತಾರಂತೆ. ನೆನೆಯಲಿ ಪಾಪ, ಅವರ ಪುಣ್ಯ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಭಾಲ್ಕಿಯಲ್ಲಿ ನಮ್ಮ ಆಫೀಸಿನ ಹಿಂದೆ ಯಾರೋ ಮನೆಯ ಪಾಯ ತೋಡಿ ಮಣ್ಣು ಗುಡ್ಡೆ ಹಾಕಿದ್ದರು. ಮಧ್ಯಾಹ್ನ ಒಂದು ಸಣ್ಣ ಮಳೆ ಬಂದು ಹೋಯಿತು. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ಚಹಾದ ಕಪ್ಪು ಕೈಯಲ್ಲೇ ಉಳಿಯಿತು.

ಪಕ್ಕದ ಟೇಬಲ್ಲಿನ ಶಾಂತಾಬಾಯಿ ಕೇಳಿದರು, "ಏನಾತವ್ವಾ ಸುನೀತಾ, ಮಾರಿ ಯಾಕ ಹಿಂಗ ಮಾಡೀದಿ?"

"ಏನಿಲ್ಲರಿ. ಸಿಟ್ಟು ಬಂದದ."

"ಯಾರ ಮ್ಯಾಲ?"

"ಮಣ್ಣಿನ ಮ್ಯಾಲ."

ಅವರು ನಕ್ಕು ತಮ್ಮ ಫೈಲು ಬಿಚ್ಚಿದರು. ಅವರಿಗೆ ತಿಳಿಸಿ ಹೇಳಬೇಕೆಂದರೆ ಒಂದಿಡೀ ಮಳೆಗಾಲವನ್ನು ಹೇಳಬೇಕಾಗುತ್ತಿತ್ತು.

ಆ ವರ್ಷ ನಮ್ಮ ದೇಶದ ಮಹಿಳಾ ತಂಡ ಹೊರದೇಶಕ್ಕೆ ಹೋಗಿ ಸೋತು ಬಂದಿತ್ತು. ಸೋಲೆಂದರೆ ಎಂಥ ಸೋಲು! ಎದೆಮಟ್ಟಕ್ಕೆ ಏಳುವ ಚೆಂಡು ಬಂದರೆ ಸಾಕು, ನಮ್ಮವರು ಮುಖ ತಿರುಗಿಸಿಕೊಂಡು ಬ್ಯಾಟು ಬೀಸುತ್ತಿದ್ದರು. ಟಿವಿಯಲ್ಲಿ ಕೋಟು ಹಾಕಿಕೊಂಡವರು ಕೂತು ಗೋಳಾಡಿದರು. ನಮ್ಮ ದೇಶೀ ಪಂದ್ಯಗಳಲ್ಲಿ ವೇಗದ ಬೌಲರುಗಳೇ ಇಲ್ಲ, ಇವರು ಅಂಥ ಚೆಂಡನ್ನು ಅಭ್ಯಾಸ ಮಾಡುವುದಾದರೂ ಎಲ್ಲಿ ಎಂದರು. ಪಂದ್ಯಗಳಿಲ್ಲದ ಮಳೆಗಾಲದ ತಿಂಗಳುಗಳಲ್ಲಿ ಹೊಸಬರಿಗೆ ಕ್ಯಾಂಪು ಮಾಡುತ್ತಾರಂತೆ, ಸಣ್ಣ ಊರುಗಳನ್ನೂ ಜಾಲಾಡುತ್ತಾರಂತೆ. ಬೀದರಿನ ಚಿದ್ರಿಯ ನಮ್ಮ ಮನೆಯಲ್ಲಿ ಅಪ್ಪ ಟಿವಿಗೇ ಉತ್ತರ ಕೊಟ್ಟರು: "ಎಲ್ಲೆಲ್ಲೋ ಯಾಕ ಹುಡುಕ್ತೀರಿ? ಡಾಬಕಾಕ್ಕ ಬರ್ರಿ!"

ಅಪ್ಪ ಹೇಳಿದ್ದು ನನ್ನ ಗೆಳತಿ ಲಕ್ಷ್ಮಿಯ ಬಗ್ಗೆ. ಔರಾದ ತಾಲೂಕಿನ ಡಾಬಕಾ ಅವಳ ಊರು, ಮಹಾರಾಷ್ಟ್ರದ ಗಡಿ ಅಲ್ಲಿಂದ ಕೂಗಳತೆ. ಮನೆಯಲ್ಲಿ ಕುರಿ, ಒಣಬೇಸಾಯ. ಚಿಕ್ಕಂದಿನಿಂದ ಕುರಿಗಳ ಹಿಂದೆ ಓಡಿ ಓಡಿ ಕಾಲು ಗಟ್ಟಿಯಾಗಿದ್ದವು, ಹೊಲಕ್ಕೆ ನುಗ್ಗುವ ಕುರಿಯ ಮುಂದೆ ಕಲ್ಲು ಬೀಳಿಸಿ ಬೀಳಿಸಿ ತೋಳಿಗೆ ಗುರಿ ಬಂದಿತ್ತು. ಬೀದರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕ್ಲಾಸು. ನಾನು ವಿಕೆಟ್ ಕೀಪರ್. ಅವಳ ಬಾಲು ಹಿಡಿದು ಹಿಡಿದು ನನ್ನ ಅಂಗೈ ಊದಿ ಪೂರಿಯಾಗುತ್ತಿತ್ತು. ಅವ್ವ ರಾತ್ರಿ ಎಣ್ಣೆ ತಿಕ್ಕುತ್ತಾ, "ಆಕಿ ಬಾಲ್ ಒಗೀತಾಳೋ ಬಂಡಿ ಒಗೀತಾಳೋ?" ಎಂದು ಬೈಯುತ್ತಿದ್ದಳು. ಬೈದರೂ ಶನಿವಾರ ಬಂತೆಂದರೆ ಲಕ್ಷ್ಮಿಗೆಂದು ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಶನಿವಾರ, ಭಾನುವಾರ ಅವಳು ನಮ್ಮ ಮನೆಯಲ್ಲೇ ಇರುತ್ತಿದ್ದಳು.

ನಮಗೆ ಆಟ ಕಲಿಸುತ್ತಿದ್ದವರು ವಿಲಾಸ ಸರ್. ಬೀದರಿನ ಅಂಚಿನ ನೌಬಾದದಲ್ಲಿ ಒಂದು ಖಾಲಿ ಜಾಗ ಹಿಡಿದು ಕ್ಲಬ್ಬು ನಡೆಸುತ್ತಿದ್ದರು. ಒಂದು ಕಾಲದಲ್ಲಿ ರಾಜ್ಯದ ತಂಡಕ್ಕೆ ಒಂದು ಸೀಸನ್ ಆಡಿದ್ದರು, ಆಮೇಲೆ ಯಾರೂ ಕರೆಯಲಿಲ್ಲ. "ಬೀದರಿನವ ಅಂದ್ರ ಬೆಂಗಳೂರಾಗ ಅರ್ಧ ಮನಷ್ಯಾ ಅಂತ ತಿಳೀತಾರ" ಎನ್ನುತ್ತಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾವು ಕರಗಿ ನೀರಾಗುತ್ತಿದ್ದೆವು. ಬಿಸಿಲಲ್ಲಿ ನಮ್ಮ ಜೊತೆಗೇ ಓಡುತ್ತಿದ್ದರು, ನಮಗೆ ಕುಡಿಸಿ ಆಮೇಲೆ ನೀರು ಕುಡಿಯುತ್ತಿದ್ದರು. ಸರ್ ಅಂದರೆ ನಮಗೆ ದೇವರು. ಈಗ ಈ ಮಾತು ಬರೆಯುವಾಗ ನಾಲಿಗೆ ಕಹಿಯಾಗುತ್ತದೆ, ಆದರೆ ಆಗ ಇದ್ದದ್ದು ಹಾಗೇ.

ಬೇಸಿಗೆಯ ಕೊನೆಗೆ ಒಂದು ದಿನ ಸರ್ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ನೋಡ್ರಿ, ಮ್ಯಾಟಿನ ಮ್ಯಾಲ ಆಡೋರ್ನ ಮ್ಯಾಲಿನವರು ಯಾರೂ ಕೇಳಂಗಿಲ್ಲ. ಮಣ್ಣಿನ ಪಿಚ್ ಬೇಕು. ಇಲ್ಲಿ ಕೆಂಪು ಕಲ್ಲಿನ ನೆಲ, ಮಳಿ ನಿಂತು ಒಂದು ತಾಸಿನಾಗ ನೀರು ಇಂಗ್ತದ. ಆಗಸ್ಟಿನಾಗ ಬೇರೆ ಕಡಿ ಎಲ್ಲಾ ರಾಡಿ ಇರ್ತದ. ಪಿಚ್ ಛಲೋ ಆತಂದ್ರ ನ್ಯಾಷನಲ್ ಟೀಮಿಗಿ ಹೊಂಟ ಹುಡುಗೇರ್ನ ಇಲ್ಲೇ ಕ್ಯಾಂಪಿಗಿ ಕರಸ್ತೇನಿ. ಅವರ ಜೋಡಿ ಸೆಲೆಕ್ಟರ್ ಬಂದೇ ಬರ್ತಾರ. ಲಕ್ಷ್ಮೀನ ಒಂದು ಸಲ ನೋಡಿದ್ರ ಸಾಕು, ಬಿಟ್ಟು ಹೋಗಂಗಿಲ್ಲ."

ಲಕ್ಷ್ಮಿಗೆ ಅದು ಬರೀ ಆಟದ ಮಾತಾಗಿರಲಿಲ್ಲ. ಮನೆಯಲ್ಲಿ ಉದಗೀರ ಕಡೆಯ ಒಂದು ಸಂಬಂಧ ಬಂದು ಕೂತಿತ್ತು. ಅವಳ ಅಪ್ಪ ಮಾರುತಿ ಕಾಕಾ ಕೆಟ್ಟವರಲ್ಲ. ಮಗಳ ಆಟ ನೋಡಿ ಒಳಗೊಳಗೇ ಹಿಗ್ಗುತ್ತಿದ್ದವರೇ. ಆದರೆ ನೆಂಟರ ಬಾಯಿ ಮುಚ್ಚುವುದು ಹೇಗೆ? "ಈ ಮಳಿಗಾಲ ನಿಂದು, ಮಗಳಾ" ಎಂದಿದ್ದರು. "ದೀಪಾವಳಿ ಒಳಗ ಯಾರರೆ ನಿನ್ನ ಟೀಮಿಗಿ ತೊಗೊಂಡ್ರ ನಾನ ಹೋಗಿ ಅವರಿಗಿ ಇಲ್ಲ ಅಂತ ಹೇಳ್ತೇನಿ. ಇಲ್ಲಂದ್ರ ನಾ ಹೇಳಿದಂಗ ಕೇಳಬೇಕು." ಅವಳು ಹೂಂ ಅಂದಿದ್ದಳು. ಅಂದರೆ ಆ ಮಳೆಗಾಲದಲ್ಲಿ ಒಬ್ಬ ಸೆಲೆಕ್ಟರ್ ಅವಳನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ನನ್ನದೂ ಒಂದು ಸಣ್ಣ ಆಸೆ ಇತ್ತು ಅನ್ನಿ. ಅವಳನ್ನು ಕರೆದುಕೊಂಡು ಹೋದರೆ, ಇವಳ ಬಾಲು ಹಿಡಿಯುವವಳೂ ಬೇಕಲ್ಲ ಎಂದು ನನ್ನನ್ನೂ ಕರೆದಾರು ಎಂಬ ಆಸೆ. ಆಸೆಗೇನು ತೆರಿಗೆಯೇ!

ಪಿಚ್ಚಿಗೆ ಎರೆಮಣ್ಣು ಬೇಕು, ನೌಬಾದದಲ್ಲಿ ಇರುವುದೆಲ್ಲ ಕೆಂಪು. "ಛಲೋ ಎರಿಮಣ್ಣು ಬೇಕಂತರಿ ಅಪ್ಪಾ" ಎಂದು ಲಕ್ಷ್ಮಿ ಮನೆಗೆ ಹೇಳಿದಳು. ಮಾರುತಿ ಕಾಕಾ ಟ್ರ್ಯಾಕ್ಟರಿನಲ್ಲಿ ಮಣ್ಣು ಹೇರಿಸಿಕೊಂಡು ತಾವೇ ಬಂದರು. ಡಾಬಕಾದಿಂದ ಬೀದರಿನ ತನಕ ಆ ದಾರಿ ಸಾಮಾನ್ಯದ್ದಲ್ಲ. ಮಣ್ಣು ಹಾಕಿದೆವು, ನೀರು ಕುಡಿಸಿದೆವು, ರೋಲರಿಗೆ ಹೆಗಲು ಕೊಟ್ಟು ಎತ್ತುಗಳ ಹಾಗೆ ಎಳೆದೆವು. ಕಪ್ಪಗೆ ನುಣ್ಣಗೆ ಹೊಳೆಯಿತು. ನೋಡಿ ನೋಡಿ ಸಾಕಾಗಲಿಲ್ಲ ನಮಗೆ.

ಜೂನ್ ಮೊದಲಿಗೆ ಮಿರಗದ ಮಳೆ ಬಿತ್ತು. ಮೂರ್ನಾಲ್ಕು ದಿನ ಬಿಟ್ಟು ಹೋಗಿ ನೋಡಿದರೆ ಪಿಚ್ಚಿನ ತುಂಬ ಹೆಸರು ಮೊಳೆತಿದೆ! ಒಂದು ಕಡೆ ಹೆಸರು, ಒಂದು ಕಡೆ ಉದ್ದು, ನಡುವೆ ನಾಲ್ಕು ಜೋಳದ ಸಸಿ. ಸರ್ ತಲೆ ಮೇಲೆ ಕೈ ಹೊತ್ತು ಕೂತರು. ಮರುದಿನ ಬಂದ ಮಾರುತಿ ಕಾಕಾನನ್ನು ವಿಚಾರಿಸಿದರೆ ಆಸಾಮಿ ಎದೆಯುಬ್ಬಿಸಿ ಹೇಳಿದರು: "ಸರ, ಊರಾಗ ಇದಕ್ಕಿಂತ ಛಲೋ ಮಣ್ಣು ಇಲ್ಲರಿ. ಹ್ವಾದ ತಿಂಗಳಷ್ಟ ಕುರಿ ತರುಬಿದ ಹೊಲ. ನಮ್ಮಣ್ಣ ಕೇಳಿದ್ರೂ ಕೊಟ್ಟಿದ್ದಿಲ್ಲ ನಾ."

ಕುರಿ ತರುಬುವುದೆಂದರೆ ರಾತ್ರಿ ಹಿಂಡನ್ನು ಹೊಲದಲ್ಲೇ ಮಲಗಿಸುವುದು. ಹಿಕ್ಕೆ, ಗಂಜಲ ಎಲ್ಲ ಸೇರಿ ಆ ಮಣ್ಣು ಬಂಗಾರವಾಗುತ್ತದೆ. ಪಿಚ್ಚಿಗೆ ಬೇಕಾದದ್ದು ಏನೂ ಬೆಳೆಯದ ಬಂಜರು ಮಣ್ಣು. ಕಾಕಾ ಕೊಟ್ಟದ್ದು ತಮ್ಮ ಹೊಲದ ಜೀವ. ಸರ್ ವಿಷಯ ಬಿಡಿಸಿ ಹೇಳಿದಾಗ ಕಾಕಾ ಬಾಯಿ ತೆರೆದುಕೊಂಡು ನಿಂತರು. "ಏನೂ ಬೆಳೀಬಾರದೇನ್ರಿ? ಹಂಗಾದ್ರ ಅದಕ್ಕ ಮಣ್ಣು ಅಂತ ಯಾಕ ಅಂತೀರಿ?" ಎಂದರು. ನಾವು ಬಿದ್ದು ಬಿದ್ದು ನಕ್ಕೆವು. ಲಕ್ಷ್ಮಿ ನಾಚಿಕೆಯಿಂದ ರೋಲರ್ ಹಿಂದೆ ಅಡಗಿದಳು. ಅಲ್ಲಿಯ ತನಕ ನಮ್ಮ ಮನೆಗೆ ಬಂದರೆ ಹೊಸ್ತಿಲಾಚೆ ನಿಂತೇ ನೀರು ಕುಡಿಯುತ್ತಿದ್ದ ಕಾಕಾ ಅವತ್ತು ಅಡುಗೆಮನೆಗೇ ಬಂದು ಕೂತು, ಅವ್ವನ ಕೈಯ ರೊಟ್ಟಿ ಪುಂಡಿಪಲ್ಲೆ ಉಂಡು, ಪಿಚ್ಚಿನಲ್ಲಿ ಹೆಸರು ಮೊಳೆತ ಕತೆಯನ್ನು ತಾವೇ ಮತ್ತೊಮ್ಮೆ ಹೇಳಿ ನಕ್ಕರು. ಆ ಮಳೆಗಾಲದಲ್ಲಿ ಒಳ್ಳೆಯದು ಅಂತ ಏನಾದರೂ ಆಗಿದ್ದರೆ ಅದೊಂದೇ.

ಹಾಕಿದ ಮಣ್ಣನ್ನು ಕೆದರಿ ತೆಗೆದೆವು. ಕಾಕಾ ಕೆರೆಯ ತಳದ ಜಿಗಟು ಮಣ್ಣು ತಂದು ಸುರಿದರು. ಜೂನ್, ಜುಲೈ ಎಲ್ಲ ಅದರಲ್ಲೇ ಹೋಯಿತು. ಜಿಟಿಜಿಟಿ ಮಳೆ, ಮೈ ನಡುಗಿಸುವ ಗಾಳಿ, ಕಾಲಿಗೆ ಮೆತ್ತಿಕೊಂಡ ಮಣ್ಣು ಬೂಟಿಗಿಂತ ಭಾರ. ಮಳೆ ಬಂದರೆ ತಾಡಪತ್ರಿ ಹೊದಿಸುವುದು, ಬಿಸಿಲು ಬಂದರೆ ತೆಗೆಯುವುದು. ನಮ್ಮ ಮನೆಯಲ್ಲಿ ಒಣಹಾಕಿದ ಬಟ್ಟೆ ತೊಯ್ದು ಹೋಗುತ್ತಿದ್ದರೂ ನಾನು ನೌಬಾದಕ್ಕೆ ಓಡುತ್ತಿದ್ದೆ. ಸಂಜೆ ಸರ್ ಪಿಚ್ಚಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಇನ್ನಾ ಜರಾ, ಇನ್ನಾ ಜರಾ" ಎನ್ನುತ್ತಿದ್ದರು. ಆಗಸ್ಟಿನಲ್ಲಿ ಒಂದು ದಿನ ಚೆಂಡನ್ನು ಎತ್ತಿ ಹಾಕಿದರು. ಟಣ್ಣನೆ ಪುಟಿಯಿತು. ಲಕ್ಷ್ಮಿ ಓಡಿ ಬಂದು ಮೊದಲ ಬಾಲು ಹಾಕಿದಳು. ಅದು ನನ್ನ ಗ್ಲೌಸಿಗೆ ಸಿಗದೆ ತಲೆಯ ಮೇಲಿಂದ ಹಾರಿ ಹೋಯಿತು. ಸರ್ ಅವಳ ತಲೆ ಸವರಿದರು.

ಹೇಳಿದಂತೆಯೇ ಕ್ಯಾಂಪು ಬಂತು. ಬಸ್ಸಿನಿಂದ ಇಳಿದವರೆಲ್ಲ ಬ್ಯಾಟು ಹಿಡಿಯುವವರು, ನಾಳೆಯೋ ನಾಡಿದ್ದೋ ದೇಶಕ್ಕೆ ಆಡಬೇಕಾದವರು. ಅವರ ಜೊತೆ ಟೊಪ್ಪಿಗೆ ಹಾಕಿಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ. ಮೈದಾನದ ಬದಿಯ ಬೇವಿನ ಮರದ ಕೆಳಗೆ ಕ್ಯಾಮೆರಾ ನಿಲ್ಲಿಸಿಕೊಂಡು, ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ, ದಿನವಿಡೀ ನೋಡುತ್ತಾ ಕೂರುತ್ತಿದ್ದ. ಸರ್ ಲಕ್ಷ್ಮಿಯ ಕಿವಿಯಲ್ಲಿ ಹೇಳಿದರು: "ಅವರ ನೋಡು. ಮ್ಯಾಲಿನವರು. ಅವರ ಕಣ್ಣೆಲ್ಲಾ ನಿನ್ನ ಮ್ಯಾಲದ. ಕೈ ಹಿಡದು ಒಗಿಬ್ಯಾಡ, ಪೂರಾ ಜೋರ್ ಹಾಕು."

ಹಾಕಿದಳು. ಏನು ಹಾಕಿದಳು ಅಂತೀರಿ! ಟಿವಿಯಲ್ಲಿ ನೋಡಿದ್ದ ಒಬ್ಬ ಎತ್ತರದ ಹುಡುಗಿ ಮೊದಲ ದಿನ ಪಕ್ಕೆಗೆ ಪೆಟ್ಟು ತಿಂದು ಕೂತೇ ಬಿಟ್ಟಳು. ಎರಡನೆಯ ದಿನ ಬಗ್ಗುವುದು ಕಲಿತಳು. ಮೂರನೆಯ ದಿನ ಹಿಂಗಾಲ ಮೇಲೆ ನಿಂತು ಆಡುವುದು ಕಲಿತಳು. ಲಕ್ಷ್ಮಿ ಬೆಳಿಗ್ಗೆಯೂ ಬೌಲಿಂಗು, ಮಧ್ಯಾಹ್ನವೂ ಬೌಲಿಂಗು. ಬೇರೆ ಯಾರಿಗೂ ಆ ವೇಗ ಇಲ್ಲವಲ್ಲ, ಎಲ್ಲರಿಗೂ ಅವಳೇ ಬೇಕು. ನಾನು ಸ್ಟಂಪಿನ ಹಿಂದೆ. ಅವ್ವ ದಿನಾ ಟೊಪ್ಪಿಗೆಯವನಿಗೆಂದು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿ ಕಳಿಸುತ್ತಿದ್ದಳು. ಸೆಲೆಕ್ಟರ್ ಹೊಟ್ಟೆ ತಣ್ಣಗಿದ್ದರೆ ಕಣ್ಣೂ ತಣ್ಣಗಿರುತ್ತದೆ ಅನ್ನುವುದು ಅವಳ ಲೆಕ್ಕ.

ಕ್ಯಾಂಪಿಗೆಂದು ನಮ್ಮ ಮನೆಯಲ್ಲೇ ಉಳಿದಿದ್ದ ಲಕ್ಷ್ಮಿ ನಾಲ್ಕನೆಯ ದಿನ ಮುಂಜಾನೆ ಬಾಚಣಿಗೆ ತಂದು ನನ್ನ ಮುಂದೆ ಕೂತಳು. "ಜರಾ ಹೆಳಲು ಹಾಕ" ಎಂದಳು. ತನ್ನ ಜಡೆಯನ್ನು ಯಾರ ಕೈಗೂ ಕೊಡುವವಳಲ್ಲ ಅವಳು. "ಯಾಕ, ಕೈ ಏಳ್ತಾ ಇಲ್ಲೇನು?" ಎಂದೆ. "ಏಳ್ತದ. ಸುಮ್ಮ ಹಾಕ" ಎಂದಳು. ಭುಜ ಮುಟ್ಟಿದರೆ ಕೆಂಡದ ಹಾಗೆ ಸುಡುತ್ತಿತ್ತು. ನಾನು ಸರ್‌ಗೆ ಹೇಳಿದೆ. ಅವರು ತಲೆಯಾಡಿಸಿ, "ಇನ್ನೆರಡು ದಿನ ಅಷ್ಟ, ತಡಕೋ ಅಂತ ಹೇಳು. ಈಗ ಕುಂತ್ರ ಎಲ್ಲಾ ಹ್ವಾಯ್ತು" ಎಂದರು.

ಮರುದಿನ ಮಧ್ಯಾಹ್ನ ಟೊಪ್ಪಿಗೆಯವನಿಗೆ ಬುತ್ತಿ ಕೊಡಲು ಹೋದವಳು ತಡೆಯಲಾರದೆ ಕೇಳಿಯೇ ಬಿಟ್ಟೆ: "ಸರ್, ನಮ್ಮ ಲಕ್ಷ್ಮಿ ಹ್ಯಾಂಗ ಅನಸ್ತಾಳ್ರಿ?"

"ಯಾವ ಲಕ್ಷ್ಮಿ?"

"ಬೌಲ್ ಮಾಡಾಕತ್ತಾಳಲ್ಲರಿ, ಆಕಿ."

"ಓ, ಅವರಾ? ಗೊತ್ತಿಲ್ಲಮ್ಮ. ನಾನು ಬ್ಯಾಟಿಂಗ್ ಮಾತ್ರ ಶೂಟ್ ಮಾಡೋದು" ಎಂದ. ಬೆಂಗಳೂರಿನ ಮೃದು ಮಾತು.

"ನೀವು ಸೆಲೆಕ್ಟರ್ ಅಲ್ಲೇನ್ರಿ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಾನು ವಿಡಿಯೋದವನಮ್ಮ. ಇಲ್ಲಿಗೆ ಯಾವ ಸೆಲೆಕ್ಟರೂ ಬರಲ್ಲ. ಟೀಮ್ ಆಗಲೇ ಆರಿಸಿ ಆಗಿದೆ, ಇದು ಆರಿಸಿದವರ ಕ್ಯಾಂಪು. ನಿಮ್ಮ ಸರ್‌ಗೆ ಮೊದಲಿಂದಲೂ ಗೊತ್ತಲ್ಲ, ಅವರು ನಿಮಗೆ ಹೇಳಲಿಲ್ವಾ?"

ಪಾಪ, ಅವನಿಗೇ ನಾಚಿಕೆಯಾಗಿ ಕ್ಯಾಮೆರಾದಲ್ಲಿ ಒಂದಿಷ್ಟು ತೋರಿಸಿದ. ಎತ್ತರದ ಹುಡುಗಿ ನಿಂತಿದ್ದಾಳೆ. ಚೆಂಡು ಒಂದು ಬದಿಯಿಂದ ಧುತ್ತೆಂದು ಬರುತ್ತದೆ, ಅವಳು ಆಡುತ್ತಾಳೆ. ಮತ್ತೆ ಬರುತ್ತದೆ, ಮತ್ತೆ ಆಡುತ್ತಾಳೆ. ಹಿಂದೆ ಗ್ಲೌಸು ಹಾಕಿಕೊಂಡು ನಾನು ಕುಕ್ಕರಗಾಲಲ್ಲಿ ಕೂತಿದ್ದೇನೆ. ನಾನಿದ್ದೆ, ಅವಳಿರಲಿಲ್ಲ. ಐದು ದಿನದಲ್ಲಿ ಒಂದು ಕಡೆಯೂ ಅವಳಿರಲಿಲ್ಲ.

ನೇರ ಸರ್ ಹತ್ತಿರ ಹೋದೆ. "ಸರ್, ಅವರು ಸೆಲೆಕ್ಟರ್ ಅಲ್ಲಂತ. ನಿಮಗ ಗೊತ್ತಿತ್ತಂತ. ಖರೇನ್ರಿ?"

ಸರ್ ಆಚೀಚೆ ನೋಡಿ ದನಿ ತಗ್ಗಿಸಿದರು. "ಸಣ್ಣ ಹುಡುಗಿ ಇದ್ದಿ, ನಿನಗ ತಿಳಿಯಂಗಿಲ್ಲ. ಖರೇ ಹೇಳಿದ್ರ ಆಕಿ ಇಷ್ಟು ಜೋರ್ ಒಗೀತಿದ್ದಳೇನು?"

"ಆಕಿ ಭುಜ ಹೊಂಟದರಿ ಸರ್!"

"ನಮ್ಮ ಟೀಮ್ ಹೊರಗ ಹೋಗಿ ಹ್ಯಾಂಗ ಸೋತಿತ್ತು, ನೋಡಿಲ್ಲೇನು? ದೇಶಕ್ಕ ಉಪಯೋಗ ಆತಲ್ಲ. ಸಣ್ಣದೇನು ಅದು?"

ದೇಶ! ತಮ್ಮ ಮಗಳಂಥವಳ ತೋಳು ಮುರಿದು ದೇಶಕ್ಕೆ ಕಟ್ಟಿಗೆ ಮಾಡಿ ಕೊಡಲು ಇವರಿಗೆ ಹೇಳಿದವರು ಯಾರು? ಬೀದರಿನವನೆಂದು ಬೆಂಗಳೂರು ತನ್ನನ್ನು ತುಳಿಯಿತೆಂದು ಅತ್ತವರು, ಡಾಬಕಾದವಳನ್ನು ತುಳಿಯುವಾಗ ಒಂದು ಸಲವೂ ಕಾಲು ಹಿಂದೆ ತೆಗೆಯಲಿಲ್ಲ. ನಂಬಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ನಮಗಾದದ್ದು ಅದೇ.

ಆ ಸಂಜೆ ಮನೆಗೆ ಹೋಗುವ ದಾರಿಯಲ್ಲೇ ಲಕ್ಷ್ಮಿಗೆ ಎಲ್ಲ ಹೇಳಿದೆ. ಅವಳು ನಿಂತಳು. ನನ್ನನ್ನೇ ದಿಟ್ಟಿಸಿದಳು. "ಸರ್ ಸುಳ್ಳು ಹೇಳಂಗಿಲ್ಲ" ಎಂದಳು.

"ಅವರ ಬಾಯಿಂದನ ಕೇಳಿ ಬಂದೀನಿ ಲಕ್ಷ್ಮೀ."

"ನಿನಗ ಹೊಟ್ಟಿಕಿಚ್ಚು. ನನ್ನ ಕರೀತಾರ, ನಿನ್ನ ಕರಿಯಂಗಿಲ್ಲಂತ ಹೊಟ್ಟಿಕಿಚ್ಚು ನಿನಗ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಸರ್ ಮೋಸ ಮಾಡಿದ್ದಕ್ಕಿಂತ ಅವಳು ಸರ್‌ನನ್ನು ನಂಬಿ ನನ್ನನ್ನು ನಂಬದೆ ಹೋದದ್ದು ನನಗೆ ಹೆಚ್ಚು ಚುಚ್ಚಿತು. ಅವತ್ತು ಅವಳು ನಮ್ಮ ಮನೆಗೆ ಬರಲಿಲ್ಲ. ಕಾಲೇಜಿನ ಬೇರೊಬ್ಬ ಗೆಳತಿಯ ರೂಮಿಗೆ ಹೋದಳು. ಅವ್ವ ಬಡಿದಿಟ್ಟ ರೊಟ್ಟಿ ಬುಟ್ಟಿಯಲ್ಲೇ ಒಣಗಿತು.

ಕೊನೆಯ ದಿನ ಅವಳು ಮೊದಲಿಗಿಂತ ದೂರದಿಂದ ಓಡಿ ಬಂದಳು. ಬೇವಿನ ಮರದ ಕಡೆ ಒಂದು ಸಲ ನೋಡುವುದು, ಓಡುವುದು, ಹಾಕುವುದು. ನನ್ನ ಗ್ಲೌಸಿಗೆ ಬಂದು ಬಡಿದ ಆ ಬಾಲುಗಳ ಹೊಡೆತ ಇವತ್ತಿಗೂ ಅಂಗೈಯಲ್ಲಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬಾಲು ಅವಳ ಕೈಯಿಂದ ಜಾರಿ ಅಲ್ಲೇ ಕಾಲ ಬುಡದಲ್ಲಿ ಬಿತ್ತು. ಅವಳು ಭುಜ ಹಿಡಿದುಕೊಂಡು ಪಿಚ್ಚಿನ ನಡುವೆ ಕೂತಳು. ಎತ್ತರದ ಹುಡುಗಿ ಓಡಿ ಬಂದು ನೀರು ಕುಡಿಸಿದಳು. ನಾನು ನನ್ನ ಓಢಣಿ ತೆಗೆದು ಲಕ್ಷ್ಮಿಯ ಕೈಯನ್ನು ಕೊರಳಿಗೆ ಕಟ್ಟಿದೆ. ಆಗಲೂ ನನ್ನ ಮುಖ ನೋಡಲಿಲ್ಲ.

ಸಂಜೆ ಬಸ್ಸು ಹೊರಟಿತು. ನೋಡಿದರೆ ಸರ್ ಕೂಡ ಒಳಗೆ ಕೂತಿದ್ದಾರೆ, ಬ್ಯಾಗು ಮೊದಲೇ ಮೇಲೆ ಹೋಗಿತ್ತು! ಅವರನ್ನು ತಂಡದ ಸಹಾಯಕ ಕೋಚ್ ಮಾಡಿಕೊಂಡಿದ್ದಾರೆಂದು ಡ್ರೈವರು ಹೇಳಿದ ಮೇಲೆ ನಮಗೆ ತಿಳಿದದ್ದು. ಲಕ್ಷ್ಮಿ ಕೊರಳಿಗೆ ಕೈ ಕಟ್ಟಿಕೊಂಡೇ ಕಿಟಕಿಯ ಹತ್ತಿರ ಓಡಿದಳು. "ಸರ್, ಅವರು ನನ್ನ ಬಗ್ಗಿ ಏನಂದ್ರರಿ?"

ಸರ್ ಅವಳ ತಲೆಯ ಮೇಲಿಂದ ಮೈದಾನದ ಕಡೆ ನೋಡಿದರು. "ಪಿಚ್‌ಗಿ ನಾಳಿ ನೀರು ಹಾಕೋದು ಮರೀಬ್ಯಾಡ್ರಿ" ಎಂದರು. ಬಸ್ಸು ಹೋಯಿತು. ಲಕ್ಷ್ಮಿ ನನ್ನ ಕಡೆ ತಿರುಗಿ, "ಔರಾದ ಬಸ್ಸು ಎಷ್ಟಕ್ಕದ?" ಎಂದು ಕೇಳಿದಳು, ಅಷ್ಟೇ. ಆ ಪಿಚ್ಚಿಗೆ ಯಾರು ನೀರು ಹಾಕಿದರೋ ಬಿಟ್ಟರೋ ನನಗೆ ಗೊತ್ತಿಲ್ಲ. ನಾನು ಮತ್ತೆ ಅತ್ತ ಕಾಲಿಡಲಿಲ್ಲ.

ದೀಪಾವಳಿಯ ಹಿಂದೆ ಮುಂದೆ ದೇಶದ ತಂಡ ಮತ್ತೆ ಹೊರಗೆ ಹೋಯಿತು. ಎತ್ತರದ ಹುಡುಗಿ ಶತಕ ಹೊಡೆದಳು. ಎದೆಗೆ ಬಂದ ಚೆಂಡನ್ನೆಲ್ಲ ಹಿಂಗಾಲ ಮೇಲೆ ನಿಂತು ಚಚ್ಚಿದಳು. ಟಿವಿಯ ಕೋಟುಗಳು ಮಳೆಗಾಲದಲ್ಲಿ ಎಷ್ಟೊಂದು ಕಷ್ಟಪಟ್ಟಿದ್ದಾಳೆ ನೋಡಿ ಎಂದು ಕೊಂಡಾಡಿದವು. ಅಪ್ಪ ಎದ್ದು ಟಿವಿ ಆರಿಸಿದರು. ನನಗೆ ಅವಳ ಮೇಲೆ ಸಿಟ್ಟಿಲ್ಲ, ಚಲೋ ಆಡಿದಳು. ಅಷ್ಟು ಚಲೋ ಆಡಿದಳಲ್ಲ ಎಂದೇ ಅಳು ಬಂತು.

ತುಳಸಿ ಲಗ್ನ ಮುಗಿದ ಮೇಲೆ ಲಕ್ಷ್ಮಿಯ ಮದುವೆ ನಿಶ್ಚಯವಾಯಿತು. ಕರೆಯಲು ಅವಳೇ ಚಿದ್ರಿಗೆ ಬಂದಳು. ಅವ್ವನಿಗೆ ಕುಂಕುಮ ಹಚ್ಚಿದ್ದು ಎಡಗೈಯಿಂದ. ಡಾಕ್ಟರು ಏನಂದರು ಎಂದು ಅವ್ವ ಕೇಳಿದ್ದಕ್ಕೆ, "ಕೆಲಸ ಮಾಡಾಕ ಬರ್ತದಂತ್ರಿ. ಮ್ಯಾಲ ಏಳಂಗಿಲ್ಲಂತ" ಎಂದಳು. ಹೋಗುವಾಗ ನನ್ನ ಕೈ ಹಿಡಿದು, "ನೀ ಬರಬೇಕು" ಎಂದಳು.

ಡಾಬಕಾದ ಹಂದರದ ಕೆಳಗೆ ಮೊದಲ ಸಾಲಿನಲ್ಲಿ ವಿಲಾಸ ಸರ್ ಕೂತಿದ್ದರು. ತಂಡದ ನೀಲಿ ಜಾಕೀಟು, ಹಣೆಗೆ ಕುಂಕುಮ. ಊರವರು ದೊಡ್ಡ ಮನುಷ್ಯರೆಂದು ಶಾಲು ತಂದಿದ್ದರು, ಹೊದಿಸಿದ್ದು ಮಾರುತಿ ಕಾಕಾ. ಅಂತರಪಟ ಸರಿಯಿತು. ಅಕ್ಷತೆ ಬಿತ್ತು. ಲಕ್ಷ್ಮಿ ಮಾಲೆ ಹಿಡಿದು ಕೈ ಎತ್ತಿದಳು. ಎಡಗೈ ಮೇಲೆ ಹೋಯಿತು, ಬಲಗೈ ಎದೆಯ ಹತ್ತಿರ ಬಂದು ನಿಂತಿತು. ಇನ್ನೊಮ್ಮೆ ಎತ್ತಿದಳು. ಮಾಲೆ ಒಂದು ಕಡೆ ವಾಲಿತು. ಹೆಂಗಸರು ಕಿಸಕ್ಕೆಂದರು.

ಆಗ ಸರ್ ಮೊದಲ ಸಾಲಿನಿಂದ, ಎಲ್ಲರಿಗೂ ಕೇಳುವಂತೆ, ನಗುತ್ತಾ ಕೂಗಿದರು: "ಎತ್ತವ್ವಾ ಲಕ್ಷ್ಮೀ, ಎತ್ತು! ಫಾಸ್ಟ್ ಬೌಲರ್ ಇದ್ದಿ ನೀ!"

ಹಂದರವೆಲ್ಲ ನಕ್ಕಿತು. ಲಕ್ಷ್ಮಿ ತಿರುಗಿ ಅವರನ್ನು ನೋಡಿದಳು. ಅವಳ ಬಾಯಿಂದ ಅವರ ವಿರುದ್ಧ ಒಂದು ಮಾತೂ ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಆಗಲೂ ಅವಳು ದನಿ ಏರಿಸಲಿಲ್ಲ.

"ಏಳಂಗಿಲ್ಲರಿ ಸರ್" ಎಂದಳು. "ನಿಮಗ ಗೊತ್ತದಲ್ಲ."

ನಗು ಅಲ್ಲಲ್ಲೇ ನಿಂತಿತು. ಮಾರುತಿ ಕಾಕಾ ಮಗಳ ಮುಖ ನೋಡಿದರು, ಆಮೇಲೆ ನಿಧಾನವಾಗಿ ಸರ್ ಮುಖ ನೋಡಿದರು. ಸರ್ ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳತೊಡಗಿದರು. ಇದ್ಯಾವುದೂ ಗೊತ್ತಿಲ್ಲದ ಉದಗೀರದ ಹುಡುಗ, ಹೆಂಡತಿಗೆ ಎಟುಕುತ್ತಿಲ್ಲ ಎಂದುಕೊಂಡು, ಅವಳ ಕೈ ಎಲ್ಲಿ ನಿಂತಿತ್ತೋ ಅಲ್ಲಿಯ ತನಕ ಬಗ್ಗಿದ.